ಕೊಕ್ಕೊ ಯಾರಿಗೂ ಬೇಡ, ಚಾಕಲೇಟು ಎಲ್ಲರಿಗೂ ಬೇಕು

ತೀರ್ಥಹಳ್ಳಿ ಸೀಮೆಯಲ್ಲಿರುವ ನನ್ನ ತವರಿನ ಅಡಿಕೆ ತೋಟದಲ್ಲಿ, ಕಾಳುಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವಿನ ನೆರಳಿನಲ್ಲಿ, ಮೂವತ್ತು ನಲವತ್ತು ಕೊಕ್ಕೊ ಗಿಡಗಳಿದ್ದವು. ಕಾಂಡಕ್ಕೇ ಅಂಟಿಕೊಂಡು ಬಿಡುವ ಅದರ ಹಳದಿ ಕಾಯಿಗಳ ಲೆಕ್ಕ ನಮಗಿಂತ ಮೊದಲು ಮಂಗಗಳಿಗೂ ಅಳಿಲುಗಳಿಗೂ ಸಿಕ್ಕಿರುತ್ತಿತ್ತು. ಅವು ಬಿಟ್ಟದ್ದನ್ನು ಮಕ್ಕಳಾದ ನಾವು ಕಲ್ಲಿಗೆ ಬಡಿದು ಒಡೆದು, ಒಳಗಿನ ಬಿಳಿ ಲೋಳೆಯ ಹುಳಿಸಿಹಿಯನ್ನು ಚೀಪಿ, ಬೀಜವನ್ನು ಉಗಿದುಬಿಡುತ್ತಿದ್ದೆವು. ಒಮ್ಮೆ ಕುತೂಹಲಕ್ಕೆ ಬೀಜವನ್ನೇ ಕಚ್ಚಿ ನೋಡಿದ್ದು ಚೆನ್ನಾಗಿ ನೆನಪಿದೆ: ಒಳಗೆ ಗಾಢ ನೇರಳೆ ಬಣ್ಣ, ನಾಲಿಗೆಗೆ ಎಳೆ ಅಡಿಕೆಯಂಥ ಒಗರು, ಅದರ ಬೆನ್ನಿಗೇ ಬೇವಿನಂಥ ಕಹಿ. ಅದೇ ಮನೆಯಲ್ಲಿ, ಶಿವಮೊಗ್ಗದಿಂದ ಮಾವ ತಂದ ಒಂದೇ ಒಂದು ಚಾಕಲೇಟಿನ ಪಟ್ಟಿಯನ್ನು ಅಪ್ಪಯ್ಯ ನಡುಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರೆಂದರೆ, ಆ ದಿನವಿಡೀ ನಮಗೆ ಬೇರೆ ಯಾವ ಕೆಲಸಕ್ಕೂ ಮನಸ್ಸು ಬರುತ್ತಿರಲಿಲ್ಲ. ಮೂಲವಸ್ತು ತೋಟದಲ್ಲಿ ಬಿದ್ದು ಕೊಳೆಯುತ್ತಿತ್ತು. ಚಪಲವೆಲ್ಲ ಕಪಾಟಿನ ಸುತ್ತ ಸುಳಿಯುತ್ತಿತ್ತು.

ಬಹಳ ಕಾಲ ಇದನ್ನು ಮಕ್ಕಳ ಬುದ್ಧಿಯೆಂದೇ ತಿಳಿದಿದ್ದೆ. ಆದರೆ ವಯಸ್ಸು ಐವತ್ತರ ಹತ್ತಿರ ಬಂದ ಮೇಲೂ, ಜೂನ್ ತಿಂಗಳ ಮಳೆ ಹಿಡಿದು ಸಂಜೆ ನಾಲ್ಕಕ್ಕೇ ಮನೆಯೊಳಗೆ ಕತ್ತಲು ಕವಿದಾಗ, ಹೊಟ್ಟೆ ತುಂಬಿದ್ದರೂ ನನ್ನ ಕೈ ನಾಗಂದಿಗೆಯ ಮೇಲಿನ ಡಬ್ಬಿಯತ್ತ ತಾನಾಗಿ ಚಾಚುವುದನ್ನು ಕಂಡು, ಈ ಸೆಳೆತ ಇರುವುದಾದರೂ ಎಲ್ಲಿ, ವಸ್ತುವಿನಲ್ಲೋ ನನ್ನಲ್ಲೋ ಎಂದು ತಿಳಿಯುವ ಮನಸ್ಸಾಯಿತು.

ಇಂಥ ಸೆಳೆತಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ, ಮತ್ತು ಅವುಗಳ ನಡುವಿನ ವ್ಯತ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಸಿವಿಗೆ ಆಯ್ಕೆಯಿಲ್ಲ, ಗಂಜಿಯಾದರೂ ಸರಿ, ತಂಗಳಾದರೂ ಸರಿ. ಚಪಲಕ್ಕೆ ಇಂಥದ್ದೇ ಆಗಬೇಕು, ಬದಲಿಗೆ ಬೇರೇನು ಕೊಟ್ಟರೂ ಅದು ಅಡಗುವುದಿಲ್ಲ. ಬಸುರಿಯ ಬಯಕೆಗೆ ಸಮಾಜದ ಮನ್ನಣೆಯಿದೆ, ಅದನ್ನು ತೀರಿಸುವುದು ಮನೆಯವರ ಕರ್ತವ್ಯ. ಚಟವೆಂದರೆ ಬಿಟ್ಟರೆ ಮೈ ಕೇಳುವಂಥದ್ದು. ಮನಶ್ಶಾಸ್ತ್ರಜ್ಞರು ಆಹಾರದ ತುಡಿತ ಎಂದು ಅಧ್ಯಯನ ಮಾಡುವುದು ಇವುಗಳಲ್ಲಿ ಎರಡನೆಯದನ್ನು, ಅಂದರೆ ಒಂದು ನಿರ್ದಿಷ್ಟ ತಿನಿಸಿನ ಕಡೆಗಿನ, ತಡೆಯಲು ಕಷ್ಟವಾದ ಆಸೆಯನ್ನು. ಪಾಶ್ಚಾತ್ಯ ದೇಶಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಇಂಥ ತಿನಿಸುಗಳ ಪೈಕಿ ಮತ್ತೆ ಮತ್ತೆ ಮೊದಲು ಬರುವ ಹೆಸರು ಚಾಕಲೇಟಿನದು. ನಮ್ಮ ಕಡೆ ಕಾಗದ ಸುತ್ತಿದ ಯಾವ ಸಿಹಿಯೂ ಚಾಕಲೇಟೇ. ಪೆಪ್ಪರಮಿಂಟೂ ಚಾಕಲೇಟು, ಚಿಲ್ಲರೆಯಿಲ್ಲವೆಂದು ಅಂಗಡಿಯವರು ಕೈಗಿಡುವ ಗೋಲಿಯೂ ಚಾಕಲೇಟು. ನಾನು ಹೇಳುತ್ತಿರುವುದು ಕೊಕ್ಕೊದಿಂದ ಮಾಡಿದ್ದರ ಬಗ್ಗೆ ಮಾತ್ರ.

ಚಪಲಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ರಸಾಯನಗಳದು. ಚಾಕಲೇಟಿನಲ್ಲಿ ಮೆದುಳನ್ನು ಉಲ್ಲಾಸಗೊಳಿಸುವ ದ್ರವ್ಯಗಳಿವೆ, ಅವೇ ನಮ್ಮನ್ನು ಮತ್ತೆ ಮತ್ತೆ ಎಳೆಯುತ್ತವೆ ಎಂಬ ಮಾತನ್ನು ಕೇಳದವರು ಕಡಿಮೆ. ದ್ರವ್ಯಗಳಿರುವುದು ನಿಜ. ಕೊಕ್ಕೊ ಮರಕ್ಕೆ 1753ರಲ್ಲಿ ಲಿನೇಯಸ್ ಕೊಟ್ಟ ಥಿಯೋಬ್ರೋಮ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ದೇವರ ಆಹಾರವೆಂದು ಅರ್ಥ. ಆ ಹೆಸರಿನಿಂದಲೇ ಬಂದ ಥಿಯೋಬ್ರೋಮಿನ್ ಎಂಬ ದ್ರವ್ಯ ಕಾಫಿಯ ಕೆಫೀನಿಗೆ ಹತ್ತಿರದ ನೆಂಟ, ಆದರೆ ಅದಕ್ಕಿಂತ ಬಹಳ ಸೌಮ್ಯ. (ನಾಯಿಗಳ ದೇಹ ಇದನ್ನು ತೀರ ನಿಧಾನವಾಗಿ ಕರಗಿಸುವುದರಿಂದ ಅವುಗಳಿಗೆ ಇದು ವಿಷ, ಮನೆಯ ನಾಯಿಗೆ ಪ್ರೀತಿಯಿಂದಲೂ ಚಾಕಲೇಟು ಹಾಕಬಾರದು.) ಪ್ರೇಮದ ರಸಾಯನವೆಂದು ಪತ್ರಿಕೆಗಳು ಕೊಂಡಾಡುವ ಫಿನೈಲ್‌ಈಥೈಲಮೀನ್ ಕೂಡ ಇದೆಯಾದರೂ, ತಿಂದದ್ದರಲ್ಲಿ ಹೆಚ್ಚಿನ ಪಾಲು ಮೆದುಳನ್ನು ಮುಟ್ಟುವ ಮೊದಲೇ ಒಡೆದುಹೋಗುತ್ತದೆ. ನಮ್ಮವರಿಗೆ ಹೆಚ್ಚು ಕುತೂಹಲ ಹುಟ್ಟಿಸಬೇಕಾದದ್ದು ಆನಂದಮೈಡ್. ಜೆರುಸಲೇಮಿನಲ್ಲಿ ರಾಫೆಲ್ ಮೆಕೋಲಮ್ ಅವರ ಪ್ರಯೋಗಾಲಯ 1992ರಲ್ಲಿ ಮೆದುಳಿನಲ್ಲಿ ಪತ್ತೆಹಚ್ಚಿದ ಈ ದ್ರವ್ಯಕ್ಕೆ ಸಂಸ್ಕೃತದ ಆನಂದ ಶಬ್ದದಿಂದಲೇ ಹೆಸರಿಟ್ಟರು. 1996ರಲ್ಲಿ ಅದು ಚಾಕಲೇಟಿನಲ್ಲಿಯೂ ಕಂಡುಬಂದಾಗ ದೊಡ್ಡ ಸುದ್ದಿಯಾಯಿತು. ಆದರೆ ಅಲ್ಲಿರುವ ಪ್ರಮಾಣ ಎಷ್ಟು ಅತ್ಯಲ್ಪವೆಂದರೆ, ಜೀರ್ಣಾಂಗಗಳನ್ನು ದಾಟಿ ಅದು ಮೆದುಳಿನಲ್ಲಿ ಆನಂದ ಹುಟ್ಟಿಸುವುದು ನಂಬುವ ಮಾತಲ್ಲ. ಇನ್ನು ಚಾಕಲೇಟಿನ ಚಪಲವೆಂದರೆ ಮೈಯಲ್ಲಿ ಮೆಗ್ನೀಸಿಯಂ ಕಡಿಮೆಯಾದ ಲಕ್ಷಣ ಎನ್ನುವವರಿದ್ದಾರೆ. ತೂಕಕ್ಕೆ ತೂಕ ನೋಡಿದರೆ ಎಳ್ಳಿನಲ್ಲಿ ಕಪ್ಪು ಚಾಕಲೇಟಿಗಿಂತ ಹೆಚ್ಚು ಮೆಗ್ನೀಸಿಯಂ ಇದೆ. ಮಳೆಗಾಲದ ಸಂಜೆ ಎಳ್ಳಿಗಾಗಿ ಡಬ್ಬಿ ತಡಕಾಡಿದವರನ್ನು ನಾನಂತೂ ಕಂಡಿಲ್ಲ.

ಈ ರಸಾಯನವಾದವನ್ನು ನೇರವಾಗಿ ಒರೆಗೆ ಹಚ್ಚಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಲ್ಲಾ ಮಿಚೆನರ್ ಮತ್ತು ಪಾಲ್ ರೋಜಿನ್. 1994ರಲ್ಲಿ ಪ್ರಕಟವಾದ ಅವರ ಪ್ರಯೋಗ ಎಷ್ಟು ಸರಳವೋ ಅಷ್ಟೇ ಜಾಣತನದ್ದು. ಚಾಕಲೇಟಿನ ಚಪಲವಿರುವವರಿಗೆ ಮುಚ್ಚಿದ ಪೊಟ್ಟಣಗಳನ್ನು ಕೊಟ್ಟು, ಚಪಲ ಹುಟ್ಟಿದಾಗ ಒಂದನ್ನು ಬಿಚ್ಚಿ ಒಳಗಿರುವುದನ್ನು ತಿಂದು, ಆ ಬಳಿಕ ಚಪಲ ಎಷ್ಟು ತಗ್ಗಿತೆಂದು ಬರೆದಿಡಲು ಹೇಳಿದರು. ಒಂದರಲ್ಲಿ ಹಾಲಿನ ಚಾಕಲೇಟು. ಇನ್ನೊಂದರಲ್ಲಿ ಬಿಳಿ ಚಾಕಲೇಟು, ಅಂದರೆ ಕೊಕ್ಕೊದ ಬೆಣ್ಣೆ, ಸಕ್ಕರೆ, ಹಾಲು ಇದ್ದು ಕೊಕ್ಕೊದ ಪುಡಿ ಇಲ್ಲದ್ದು. ಮತ್ತೊಂದರಲ್ಲಿ ಕೊಕ್ಕೊದ ಪುಡಿ ತುಂಬಿದ ಗುಳಿಗೆಗಳು. ಚಪಲಕ್ಕೆ ಕಾರಣ ಥಿಯೋಬ್ರೋಮಿನ್ ಮುಂತಾದ ದ್ರವ್ಯಗಳೇ ಆಗಿದ್ದರೆ ಅವೆಲ್ಲವೂ ಇರುವ ಗುಳಿಗೆ ಸಾಕಾಗಬೇಕಿತ್ತು. ಆದರೆ ಗುಳಿಗೆಯಿಂದ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಆ ದ್ರವ್ಯಗಳಿಲ್ಲದ ಬಿಳಿ ಚಾಕಲೇಟು ಚಪಲವನ್ನು ಒಂದಿಷ್ಟು ತಗ್ಗಿಸಿತು, ಹಾಲಿನ ಚಾಕಲೇಟು ಎಲ್ಲಕ್ಕಿಂತ ಚೆನ್ನಾಗಿ ತಗ್ಗಿಸಿತು. ಬಿಳಿ ಚಾಕಲೇಟಿನ ಜೊತೆಗೆ ಗುಳಿಗೆ ನುಂಗಿದರೂ ಹೆಚ್ಚಿನ ಫಲ ಸಿಗಲಿಲ್ಲ. ಚಪಲ ಕೇಳುತ್ತಿದ್ದುದು ಹೊಟ್ಟೆಗಿಳಿಯುವ ದ್ರವ್ಯವನ್ನಲ್ಲ, ಬಾಯಲ್ಲಿ ನಡೆಯುವುದನ್ನು. ನಮ್ಮ ತೋಟದ ಬೀಜವನ್ನು ನಾವೇಕೆ ಉಗಿಯುತ್ತಿದ್ದೆವೆಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಹಾಗಾದರೆ ಬಾಯಲ್ಲಿ ನಡೆಯುವುದೇನು? ಮೊದಲನೆಯದು ಪರಿಮಳ, ಅದು ಹಸಿ ಬೀಜದಲ್ಲಿ ಇರುವುದೇ ಇಲ್ಲ. ಕಾಯಿ ಒಡೆದು ಲೋಳೆಸಮೇತ ಬೀಜಗಳನ್ನು ರಾಶಿ ಹಾಕಿ ಬಾಳೆ ಎಲೆ ಮುಚ್ಚಿಟ್ಟರೆ, ಲೋಳೆಯ ಸಕ್ಕರೆ ಹುದುಗಿ ಮೊದಲು ಮದ್ಯಸಾರವಾಗುತ್ತದೆ, ಆಮೇಲೆ ಹುಳಿಯಾಗುತ್ತದೆ. ರಾಶಿ ಕೈಯಿಡಲಾರದಷ್ಟು, ಅಂದರೆ 45ರಿಂದ 50 ಡಿಗ್ರಿಯವರೆಗೆ ಬಿಸಿಯೇರುತ್ತದೆ. ಐದಾರು ದಿನಗಳ ಈ ಹುದುಗಿನಲ್ಲಿ ಬೀಜದೊಳಗಿನ ಮೊಳಕೆ ಸತ್ತು, ನೇರಳೆ ಬಣ್ಣ ಕಂದಾಗಿ, ಒಗರು ತಗ್ಗಿ, ಮುಂದೆ ಪರಿಮಳವಾಗಬಲ್ಲ ಅಂಶಗಳು ಸಿದ್ಧವಾಗುತ್ತವೆ. ಚೆನ್ನಾಗಿ ಒಣಗಿಸಿ ಹುರಿದ ಮೇಲೆಯೇ ನಾವು ಚಾಕಲೇಟೆಂದು ಗುರುತಿಸುವ, ನೂರಾರು ಆವಿಶೀಲ ಅಂಶಗಳು ಕೂಡಿದ ಪರಿಮಳ ಹುಟ್ಟುವುದು. ಕೊಕ್ಕೊದ ಕೊಯ್ಲು ಮಳೆಯ ಹೊತ್ತಿಗೂ ಬೀಳುವ ನಮ್ಮ ಸೀಮೆಯಲ್ಲಿ ಒಣಗಿಸುವ ಮಾತೇ ಇರಲಿಲ್ಲ. ಅಪ್ಪಯ್ಯ ಹಸಿ ಬೀಜವನ್ನೇ ಚೀಲ ತುಂಬಿ ಮಾರುತ್ತಿದ್ದರು. ಘಟ್ಟದ ಕೆಳಗೆ, 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಬೆಳೆಗಾರರ ಸಹಕಾರ ಸಂಘ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆದಿತ್ತು. ಆಗುಂಬೆ ಘಾಟಿ ಇಳಿದುಹೋದ ಬೀಜ ಬೆಳ್ಳಿಕಾಗದ ಸುತ್ತಿಕೊಂಡು ಹತ್ತಿ ಬಂದಾಗ ನಮಗೆ ಅದರ ಗುರುತೇ ಸಿಗುತ್ತಿರಲಿಲ್ಲ.

ಎರಡನೆಯದು ಕರಗುವಿಕೆ, ನನ್ನ ಮಟ್ಟಿಗೆ ಚಾಕಲೇಟಿನ ಗುಟ್ಟೆಲ್ಲ ಇರುವುದು ಇಲ್ಲೇ. ಕೊಕ್ಕೊದ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ಅವುಗಳಲ್ಲಿ ಐದನೆಯದು ಮಾತ್ರ ಮುರಿದರೆ ಟಕ್ಕೆನ್ನುವಷ್ಟು ಗಟ್ಟಿ, ನೋಡಲು ಹೊಳಪು, ಮತ್ತು ಸುಮಾರು 34 ಡಿಗ್ರಿಯಲ್ಲಿ ಕರಗುವಂಥದ್ದು. ಬಾಯಿಯ ಬಿಸಿ ಅದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು. ಹಾಗಾಗಿ ಕೈಯಲ್ಲಿ ಕಲ್ಲಿನಂತಿದ್ದದ್ದು ನಾಲಿಗೆಯ ಮೇಲೆ ಅರ್ಧ ನಿಮಿಷದಲ್ಲಿ ರಸವಾಗಿ, ಹಿಡಿದಿಟ್ಟ ಪರಿಮಳವನ್ನೆಲ್ಲ ಒಮ್ಮೆಗೇ ಬಿಟ್ಟು, ಅದು ಗಂಟಲ ಹಿಂದಿನಿಂದ ಮೂಗಿಗೇರುತ್ತದೆ. ಮೂಗು ಮುಚ್ಚಿಕೊಂಡು ಒಂದು ತುಂಡನ್ನು ಬಾಯಿಗಿಟ್ಟು ನೋಡಿ: ಬರಿಯ ಸಿಹಿ, ಒಂದಿಷ್ಟು ಕಹಿ, ಅಷ್ಟೆ. ಬೆರಳು ತೆಗೆದೊಡನೆ ಚಾಕಲೇಟು ಬಂದು ಕೂರುತ್ತದೆ. ನಮ್ಮ ಕಾಡಿನ ಮುರುಗಲ ಬೀಜದಿಂದ ತೆಗೆಯುವ, ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪವೂ ಇದೇ ಜಾತಿಯ ಗಟ್ಟಿ ಕೊಬ್ಬು. ಚಾಕಲೇಟಿನಲ್ಲಿ ಕೊಕ್ಕೊ ಬೆಣ್ಣೆಯ ಜೊತೆಗೆ ಮಿತವಾಗಿ ಬಳಸಬಹುದೆಂದು ಐರೋಪ್ಯ ಒಕ್ಕೂಟ ಒಪ್ಪಿದ ಆರು ಸಸ್ಯಕೊಬ್ಬುಗಳಲ್ಲಿ ಅದೂ ಒಂದು. ಆದರೆ ಅದು ಕರಗುವುದು ಮೈಯ ಬಿಸಿಗಿಂತ ತುಸು ಮೇಲೆ. ಕೆಲವೇ ಡಿಗ್ರಿಯ ಈ ಅಂತರದಿಂದಾಗಿ ಒಂದು ಹಿಮ್ಮಡಿಗೆ ಹೋಯಿತು, ಇನ್ನೊಂದು ನಾಲಿಗೆಗೆ ಬಂತು.

ಈ ಹರಳುಗಳ ವಿಷಯ ತಿಳಿಯದೆ ನಾನು ಮಾಡಿಕೊಂಡ ನಷ್ಟವೊಂದಿದೆ. ಏಪ್ರಿಲ್ ತಿಂಗಳಲ್ಲಿ ಶಿವಮೊಗ್ಗದಿಂದ ಬಸ್ಸಿನಲ್ಲಿ ತಂದ ದುಬಾರಿ ಚಾಕಲೇಟೊಂದನ್ನು ಮಳೆಗಾಲಕ್ಕೆಂದು ಎತ್ತಿಟ್ಟಿದ್ದೆ. ಜೂನಿನಲ್ಲಿ ಬಿಚ್ಚಿದರೆ ಮೇಲೆಲ್ಲ ಬೂದುಬಿಳಿ ಪೊರೆ. ಚಪ್ಪಲಿಯಿಂದ ಪಂಚಾಂಗದವರೆಗೆ ಎಲ್ಲಕ್ಕೂ ಬೂಸಲು ಹಿಡಿಯುವ ಊರಿನಲ್ಲಿ ಅದನ್ನು ಬೇರೇನೆಂದು ತಿಳಿಯಲಿ? ಹಿತ್ತಿಲಿಗೆ ಎಸೆದೆ. ಅದು ಬೂಸಲಲ್ಲ, ಬಸ್ಸಿನ ಸೆಕೆಗೆ ಕರಗಿ ಮತ್ತೆ ಕ್ರಮತಪ್ಪಿ ಹೆಪ್ಪುಗಟ್ಟಿದ ಬೆಣ್ಣೆಯ ಹರಳು ಮೇಲೆ ಬಂದದ್ದು. ತಿನ್ನಲು ಯಾವ ಅಪಾಯವೂ ಇರಲಿಲ್ಲ. ಇದೇ ಕಾರಣಕ್ಕೆ, ಮಲೆನಾಡಿನಲ್ಲಿ ಚಾಕಲೇಟು ತನ್ನ ನಿಜವಾದ ಗಡಸು ಮತ್ತು ಹೊಳಪಿನೊಡನೆ ಸಿಗುವುದು ಮಳೆ ಚಳಿಗಳ ತಿಂಗಳುಗಳಲ್ಲಿ ಮಾತ್ರ ಎಂಬುದು ನನ್ನ ಅನುಭವ.

ಕೊನೆಯದಾಗಿ ನಯ. ಸುಮಾರು 30 ಮೈಕ್ರಾನಿಗಿಂತ ಚಿಕ್ಕ ಕಣಗಳು ನಾಲಿಗೆಗೆ ತರಿಯಾಗಿ ತಿಳಿಯುವುದಿಲ್ಲ. ರೊಡೊಲ್ಫ್ ಲಿಂಟ್ 1879ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೊಕ್ಕೊವನ್ನು ಬಹಳ ಹೊತ್ತು ಬಿಸಿಯಾಗಿಯೇ ನಾದುವ ವಿಧಾನ ಕಂಡುಹಿಡಿದ ಮೇಲೆ ಚಾಕಲೇಟಿಗೆ ಇಂದಿನ ರೇಷ್ಮೆಯಂಥ ನಯ ಬಂತು. ಇಂದು ಜಗತ್ತಿನ ಹಲವೆಡೆ ಮನೆಮಟ್ಟಿಗೆ ಚಾಕಲೇಟು ಮಾಡುವವರು ನಮ್ಮ ದೋಸೆ ಹಿಟ್ಟಿನ ಗ್ರೈಂಡರನ್ನೇ ಕೊಂಚ ಮಾರ್ಪಡಿಸಿ, ಅದರಲ್ಲಿ ದಿನಗಟ್ಟಲೆ ಕೊಕ್ಕೊ ಅರೆಯುತ್ತಾರೆ.

ಪರಿಮಳ, ಕರಗುವಿಕೆ, ನಯ ಇವುಗಳ ಕೆಳಗೆ ಸಕ್ಕರೆ ಮತ್ತು ಕೊಬ್ಬಿನ ಜೋಡಿ ಇದೆ. ಹಾಲಿನ ಚಾಕಲೇಟಿನ ಅರ್ಧದಷ್ಟು ಸಕ್ಕರೆ, ಸುಮಾರು ಮೂರನೆಯ ಒಂದು ಪಾಲು ಕೊಬ್ಬು. ಹಣ್ಣಿನಲ್ಲಿ ಸಿಹಿಯಿದೆ, ಕೊಬ್ಬಿಲ್ಲ. ತೆಂಗಿನಕಾಯಿಯಲ್ಲಿ ಕೊಬ್ಬಿದೆ, ಸಿಹಿ ಅಷ್ಟಿಲ್ಲ. ಎರಡೂ ಹೇರಳವಾಗಿ ಕೂಡಿದ ಆಹಾರ ಪ್ರಕೃತಿಯಲ್ಲಿ ತಾಯಿಹಾಲನ್ನು ಬಿಟ್ಟರೆ ಅಪರೂಪ. ಒಂದೇ ಪ್ರಮಾಣದ ಕ್ಯಾಲೊರಿಯಿದ್ದರೂ, ಬರಿಯ ಸಕ್ಕರೆಪಿಷ್ಟದ ಅಥವಾ ಬರಿಯ ಕೊಬ್ಬಿನ ತಿನಿಸುಗಳಿಗಿಂತ ಎರಡೂ ಕೂಡಿದ ತಿನಿಸಿಗೆ ಜನ ಹೆಚ್ಚು ಹಣ ಕೊಡಲು ಸಿದ್ಧರಿರುತ್ತಾರೆಂದು 2018ರ ಒಂದು ಪ್ರಯೋಗ ತೋರಿಸಿದೆ.

ಇಷ್ಟಾದರೂ, ಇವೆಲ್ಲ ಚಾಕಲೇಟು ರುಚಿಯೆನ್ನಿಸುವುದಕ್ಕೆ ಕಾರಣಗಳೇ ಹೊರತು, ಬಾಯಲ್ಲಿಲ್ಲದಾಗ ಅದು ಕಾಡುವುದಕ್ಕೆ ಅಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಅವರ ದೊಡ್ಡ ಕೊಡುಗೆಯೆಂದರೆ ಇಷ್ಟ ಬೇರೆ, ಬೇಕು ಬೇರೆ ಎಂದು ತೋರಿಸಿದ್ದು. ಮೆದುಳಿನ ಡೋಪಮಿನ್ ಸುಖದ ರಸವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಡೋಪಮಿನ್ ಬಹುತೇಕ ಇಲ್ಲವಾದ ಇಲಿಗಳೂ ನಾಲಿಗೆಗೆ ಸಿಹಿ ಬಿಟ್ಟಾಗ ಸವಿಯುವ ಮುಖವನ್ನೇ ಮಾಡುತ್ತವೆಂದು ಅವರ ತಂಡ ಕಂಡುಕೊಂಡಿತು. ಆದರೆ ಆ ಸಿಹಿಯನ್ನು ಹುಡುಕಿ ಹೋಗುವ ಉಮೇದು ಮಾತ್ರ ಅವಕ್ಕಿರಲಿಲ್ಲ. ಡೋಪಮಿನ್ ನಡೆಸುವುದು ಈ ಎರಡನೆಯದನ್ನು, ಮತ್ತು ರೂಢಿಯಾದ ಮೇಲೆ ಅದು ಹೆಚ್ಚಾಗಿ ಚಿಮ್ಮುವುದು ತಿನ್ನುವಾಗಲ್ಲ, ತಿನಿಸು ಬರಲಿದೆಯೆಂಬ ಸುಳಿವು ಸಿಕ್ಕಾಗ. ಡಬ್ಬಿಯ ಮುಚ್ಚಳದ ಸದ್ದು, ಬೆಳ್ಳಿಕಾಗದದ ಸರಸರ, ಗಡಿಯಾರದ ನಾಲ್ಕು ಗಂಟೆ, ಹೆಂಚಿನ ಮೇಲಿನ ಮಳೆ, ಇವೆಲ್ಲ ಸುಳಿವುಗಳೇ. ನನ್ನ ಐದನೆಯ ತುಂಡು ಮೊದಲನೆಯದರಷ್ಟು ರುಚಿಸುವುದಿಲ್ಲ, ಆದರೂ ಕೈ ಹೋಗುತ್ತದೆ. ಇಷ್ಟ ಮುಗಿದ ಮೇಲೂ ಬೇಕು ಉಳಿಯುವುದೆಂದರೆ ಹೀಗೆ.

ಸುಳಿವುಗಳು ಕಲಿತವು ಎನ್ನುವುದಕ್ಕೆ ದೇಶದೇಶಗಳ ಚಪಲವೇ ಸಾಕ್ಷಿ. ಜಪಾನಿನ ಹೆಂಗಸರನ್ನು ಕೇಳಿದರೆ ಅನ್ನದ ತುಡಿತದ ಮಾತು ಬರುತ್ತದೆ. ಈಜಿಪ್ಟಿನಲ್ಲಿ ಸಿಹಿಗಿಂತ ಖಾರ ಉಪ್ಪಿನ ಅಡುಗೆಯ ಆಸೆ ಹೆಚ್ಚು. ಮುಟ್ಟಿನ ದಿನಗಳಲ್ಲಿ ಚಾಕಲೇಟಿನ ಚಪಲ ಹಾರ್ಮೋನುಗಳ ಆಟವೆಂದು ಅಮೆರಿಕದಲ್ಲಿ ಗಟ್ಟಿಯಾದ ನಂಬಿಕೆಯಿದೆ; ಆದರೆ ಹೊರದೇಶಗಳಲ್ಲಿ ಹುಟ್ಟಿ ಅಲ್ಲಿಗೆ ಹೋದ ಮಹಿಳೆಯರಲ್ಲಿ ಅದು ಅಲ್ಲೇ ಹುಟ್ಟಿದವರಿಗಿಂತ ಬಹಳ ಕಡಿಮೆಯೆಂದು 2017ರ ಅಧ್ಯಯನವೊಂದು ಹೇಳುತ್ತದೆ. ಹಾರ್ಮೋನಿಗೆ ಹುಟ್ಟಿದ ಊರಿನ ಹಂಗಿಲ್ಲ. ನಮ್ಮಜ್ಜಿಗೆ ಚಾಕಲೇಟೆಂದರೆ ಏನೂ ಅನ್ನಿಸುತ್ತಿರಲಿಲ್ಲ, ಅವಳ ಜೀವವೆಲ್ಲ ಕವಳದ ಪೆಟ್ಟಿಗೆಯಲ್ಲಿತ್ತು. “ಎಲೆ ಅಡಿಕೆ ಇಲ್ಲದಿದ್ರೆ ನಂಗೆ ತಲೆ ಸಿಡೀತದೆ. ಚಾಕಲೇಟಿಲ್ಲದಿದ್ರೆ ನಿಂಗೆ ಎಂತ ಆಗ್ತದೆ ಮಾರಾಯ್ತಿ?” ಎಂದು ಒಮ್ಮೆ ಕೇಳಿದಳು. ಪ್ರಶ್ನೆ ಖಚಿತವಾಗಿತ್ತು, ನನ್ನಲ್ಲಿ ಉತ್ತರವಿರಲಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ದ್ರವ್ಯ ನೇರವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ, ಜೊತೆಗೆ ಹೊಗೆಸೊಪ್ಪು ಸೇರಿದರೆ ಕೇಳುವುದೇ ಬೇಡ. ಬಿಟ್ಟರೆ ಮೈ ಕೇಳುತ್ತದೆ. (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯ ದುಡ್ಡಿನಲ್ಲಿ ಓದಿದ ನನಗೆ ಇದನ್ನು ಬರೆಯುವುದು ಹಿತವಲ್ಲ, ಬರೆಯದಿರುವುದು ಸರಿಯಲ್ಲ.) ಚಾಕಲೇಟು ಬಿಟ್ಟರೆ ನನಗೆ ತಲೆ ಸಿಡಿಯುವುದಿಲ್ಲ, ಬೇಸರವಾಗುತ್ತದೆ. ಹಾಗಾಗಿ ಇದನ್ನು ಚಟವೆನ್ನಲು ನಾನು ಒಪ್ಪುವುದಿಲ್ಲ.

ಅಪ್ಪಯ್ಯನ ಬೀಗ ಏಕೆ ಕೆಲಸ ಮಾಡಲಿಲ್ಲವೆಂಬುದೂ ಈಗ ತಿಳಿಯುತ್ತದೆ. ಚಾಕಲೇಟಿನ ಯೋಚನೆಯನ್ನೇ ಮಾಡಬೇಡಿ ಎಂದು ಹೇಳಿಸಿಕೊಂಡ ಮಹಿಳೆಯರು ಆಮೇಲೆ ರುಚಿ ನೋಡಲು ಕೂತಾಗ ಉಳಿದವರಿಗಿಂತ ಹೆಚ್ಚು ತಿಂದರೆಂದು 2008ರಲ್ಲಿ ಇಂಗ್ಲೆಂಡಿನ ಪ್ರಯೋಗವೊಂದು ಕಂಡುಕೊಂಡಿತು. ಚಪಲ ಬೆಳೆಯುವುದು ಮನಸ್ಸಿನ ಚಿತ್ರಗಳಲ್ಲಿ; ಅದರ ಬಣ್ಣ, ವಾಸನೆ, ಕರಗುವ ಕ್ಷಣಗಳನ್ನು ಮನಸ್ಸು ಬಿಡಿಸುತ್ತಾ ಹೋದಷ್ಟೂ ಅದು ಬಲಿಯುತ್ತದೆ. ಆ ಚಿತ್ರ ಬಿಡಿಸುವ ಜಾಗವನ್ನು ಕಣ್ಣು ಕೈಗಳ ಬೇರೆ ಕೆಲಸಕ್ಕೆ ಕೊಟ್ಟುಬಿಟ್ಟರೆ ಚಪಲಕ್ಕೆ ಬೆಳೆಯಲು ಎಡೆಯಿರುವುದಿಲ್ಲ. 2012ರ ಇನ್ನೊಂದು ಪ್ರಯೋಗದಲ್ಲಿ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆಯಲ್ಲಿ ಆಕಾರಗಳನ್ನು ಮಾಡಲು ಕೊಟ್ಟಾಗ ಚಾಕಲೇಟಿನ ಚಪಲ ತಗ್ಗಿತು. ಇದನ್ನು ಓದಿದಾಗ ನನಗೆ ಹೊಳೆದದ್ದು ಅಡಿಕೆ ಸುಗ್ಗಿ. ಸುಗ್ಗಿಯ ದಿನಗಳಲ್ಲಿ ಸಂಜೆ ನಾಲ್ಕಕ್ಕೆ ನಾವೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದಿರುತ್ತಿದ್ದೆವು. ಕಣ್ಣು ತಪ್ಪಿದರೆ ಬೆರಳು ಹೋಗುವ ಆ ಕೆಲಸದ ನಡುವೆ ಕಪಾಟು ನೆನಪಾದದ್ದೇ ಇಲ್ಲ. ಕೈಗೆ ಕೆಲಸವಿಲ್ಲದ ಆಷಾಢದಲ್ಲಿಯೇ ಚಪಲ ಕೂಡಿಬರುತ್ತಿದ್ದುದು.

ಚಪಲ ಹುಟ್ಟಿದಾಗ ತಡೆಯುವುದಕ್ಕಿಂತ, ಅದರ ಬೇರನ್ನೇ ಸಡಿಲಿಸುವ ಉಪಾಯ 1999ರ ಒಂದು ಅಧ್ಯಯನದಲ್ಲಿದೆ. ಎರಡು ವಾರ ದಿನಕ್ಕೆರಡು ಸಲ, ಕೆಲವರು ಹಸಿದಾಗ ಮಾತ್ರ, ಕೆಲವರು ಊಟವಾದ ಸ್ವಲ್ಪ ಹೊತ್ತಿಗೆ ಮಾತ್ರ ಚಾಕಲೇಟು ತಿಂದರು. ಹಸಿದು ತಿಂದವರ ಚಪಲ ಏರಿತು, ಉಂಡು ತಿಂದವರದು ಇಳಿಯಿತು. ಹಸಿದ ದೇಹ ಚಾಕಲೇಟಿನ ರುಚಿಗೂ ತನಗೆ ದೊರೆತ ಶಕ್ತಿಗೂ ಗಂಟು ಹಾಕುತ್ತದೆ; ತುಂಬಿದ ಹೊಟ್ಟೆಗೆ ಆ ಗಂಟು ಬೇಕಿಲ್ಲ. ಕಳೆದ ಮಳೆಗಾಲದಲ್ಲಿ ನಾನೂ ಹೀಗೆಯೇ ಮಾಡಿ ನೋಡಿದೆ. ಮಧ್ಯಾಹ್ನ ಮಜ್ಜಿಗೆ ಅನ್ನ ಮುಗಿಸಿ, ಕೈ ತೊಳೆದು, ಎರಡು ತುಂಡು. ಒಂದು ವಾರ ನಾಲ್ಕು ಗಂಟೆಗೆ ಕಷ್ಟವಾಯಿತು. ಜುಲೈ ಮುಗಿಯುವ ಹೊತ್ತಿಗೆ ನಾಲ್ಕು ಗಂಟೆಯೆಂದರೆ ಕಾಫಿಯ ಹೊತ್ತು ಮಾತ್ರವಾಗಿ ಉಳಿಯಿತು; ಡಬ್ಬಿ ನಾಗಂದಿಗೆಯಲ್ಲಿದ್ದರೂ ನೆನಪಾಗುತ್ತಿರಲಿಲ್ಲ. ಹೀಗೆ ಅಡಗಿದ ಕಲಿಕೆ ಅಳಿಸಿಹೋಗುವುದಿಲ್ಲ, ಕಲಿತ ಜಾಗಕ್ಕೆ ಮರಳಿದರೆ ಮತ್ತೆ ತಲೆಯೆತ್ತಬಹುದೆಂದು ಓದಿದ್ದೆ, ನಂಬಿರಲಿಲ್ಲ. ಚೌತಿಗೆ ತವರಿಗೆ ಹೋದಾಗ, ಯಾವುದೋ ಕಾಗದಪತ್ರಕ್ಕೆಂದು ತಮ್ಮ ನಡುಮನೆಯ ಕಪಾಟಿನ ಬಾಗಿಲು ತೆಗೆದ. ಬಾಗಿಲು ಹಿಂದಿನಂತೆಯೇ ಕಿರ್ರೆಂದಿತು. ಒಳಗಿದ್ದದ್ದು ಪಹಣಿಗಳು, ಹಳೆಯ ಲೆಕ್ಕದ ಪುಸ್ತಕಗಳು, ನುಸಿಗುಳಿಗೆಯ ಘಾಟು. ನನ್ನ ಬಾಯಲ್ಲಿ ನೀರೂರಿತು.